ಮುದಿ ಮೋಟಾರಿನ ಬಾಣಂತನ

ಮನೆಯಲ್ಲಿ ಬಹುಕಾಲ ದುಡಿದ ವಸ್ತುವೊಂದು ಕೆಟ್ಟು ಕುಳಿತಾಗ ಗೃಹಸ್ಥನಿಗೆ ಎರಡು ದಾರಿಗಳು ತೋರುತ್ತವೆ. ಗುಜರಿಯವನನ್ನು ಕರೆಸಿ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು ಒಂದು. ಬಲ್ಲವರಿಂದ ಸರಿಪಡಿಸಿಕೊಂಡು ಮತ್ತೆ ಬಳಕೆಗೆ ತರುವುದು ಇನ್ನೊಂದು. ಮೊದಲನೆಯದು ಅರ್ಧ ಗಂಟೆಯಲ್ಲಿ ಮುಗಿಯತಕ್ಕದ್ದು. ಎರಡನೆಯದಕ್ಕೆ ಎಷ್ಟು ದಿನ, ಎಷ್ಟು ಹಣ, ಎಷ್ಟು ತಾಳ್ಮೆ ಬೇಕಾದೀತೆಂಬುದನ್ನು ಮೊದಲೇ ಯಾರೂ ಹೇಳಲಾರರು. ನಾವು ಎರಡನೆಯ ದಾರಿಯನ್ನೇ ಹಿಡಿದೆವು. ಹಿಡಿದು ಒಮ್ಮೆ ಚೆನ್ನಾಗಿ ಎಡವಿದೆವು. ಎಡವಿದುದರಿಂದ ತಿಳಿದುಬಂದ ಸಂಗತಿಯು ಮೋಟಾರು ಉಳ್ಳವರಿಗೆ ಮಾತ್ರವಲ್ಲದೆ ಇಲ್ಲದವರಿಗೂ ಉಪಯೋಗಕ್ಕೆ ಬರಬಹುದೆಂದು ತೋರಿದುದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮಧುಗಿರಿಯ ಏಕಶಿಲೆಯ ಬೆಟ್ಟ ಎದುರಿಗೆ ಕಾಣುವ ಬೀದಿಯೊಂದರಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯುಂಟು. ಅದರೊಳಗೆ 1970ರಲ್ಲಿ ತಯಾರಾದ ಅಂಬಾಸಡರ್ ಮೋಟಾರೊಂದು ಹನ್ನೊಂದು ವರ್ಷಗಳ ಕಾಲ ಧೂಳು ತಿನ್ನುತ್ತ ನಿಂತಿದ್ದಿತು. ನಮ್ಮ ತೀರ್ಥರೂಪರು 1974ರಲ್ಲಿ ಅದನ್ನು ಕೈ ಬದಲಾದ ಗಾಡಿಯಾಗಿ ಕೊಂಡಿದ್ದರು. ಅಕ್ಕತಂಗಿಯರ ಮದುವೆಯ ದಿಬ್ಬಣ, ಸಿರಾ ಸಂತೆ, ಕೊರಟಗೆರೆಯ ನೆಂಟರ ಮನೆ, ರಾತ್ರಿಹೊತ್ತು ರೋಗಿಯನ್ನು ತುಮಕೂರಿಗೆ ಕೊಂಡೊಯ್ಯಬೇಕೆಂದು ಬೀದಿಯವರು ಬಾಗಿಲು ತಟ್ಟಿದ ಸಂದರ್ಭ, ಎಲ್ಲಕ್ಕೂ ಆ ಗಾಡಿಯೇ ಒದಗುತ್ತಿದ್ದಿತು. 2014ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಹೊರಗೆ ತೆಗೆಯುವವರಿಲ್ಲವಾದರು. ಟೈರುಗಳು ನೆಲಕ್ಕೆ ಕುಸಿದವು. ಬೆಕ್ಕೊಂದು ಹಿಂದಿನ ಆಸನದ ಮೇಲೆ ಮರಿ ಹಾಕಿತು.

ಅಂಬಾಸಡರಿನ ವಂಶಾವಳಿಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ಮೋಟಾರು ಗಾಡಿಗಳು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೋಜನೆಯನ್ನು ಸಿದ್ಧಪಡಿಸಿ ಬಹಳವಾಗಿ ಶ್ರಮಿಸಿದ್ದರು. ಆ ಬಳಿಕ 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಸ್ಥಾಪಿತವಾಯಿತು. 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಬಂದು ನೆಲೆಸಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ಅವರು 1957ರಲ್ಲಿ ಅಂಬಾಸಡರನ್ನು ಹೊರತಂದರು. ಕೆಲವು ಕಾಲದ ಮೇಲೆ ಅದಕ್ಕೆ ಕೂಡಿಸಿದ 1,489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಪೆಟ್ರೋಲು ಎಂಜಿನ್ನು ಆಸ್ಟಿನ್, ಮಾರಿಸ್, ಎಂ.ಜಿ. ಮುಂತಾದ ಇಂಗ್ಲಿಷ್ ಗಾಡಿಗಳಲ್ಲಿದ್ದ ಎಂಜಿನ್ನಿನ ಸೋದರವೇ ಸರಿ. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆಯು ಬಾಗಿಲು ಹಾಕಿತು. ತೀರ್ಥರೂಪರೂ ಅವರ ಗಾಡಿಯ ಕುಲವೂ ಒಂದೇ ವರ್ಷದಲ್ಲಿ ನಿಂತಂತಾಯಿತು.

ಕಳೆದ ವರ್ಷ ನಮ್ಮ ತಮ್ಮನು, "ಗುಜರಿಯವನು ಬಂದಿದ್ದಾನೆ, ಒಂದು ಟನ್ನಿನಷ್ಟು ಕಬ್ಬಿಣ, ಕೊಟ್ಟುಬಿಡೋಣ" ಎಂದು ಹೇಳಿದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಮಾತೃಶ್ರೀಯವರು ಎದ್ದು ಬಂದು, "ಕೊಡುವುದಾದರೆ ಕೊಡಪ್ಪ. ಆದರೆ ನಿನ್ನನ್ನು ಮೂರು ತಿಂಗಳ ಕೂಸಾಗಿ ತವರಿನಿಂದ ಕರೆತಂದದ್ದು ಇದೇ ಗಾಡಿಯಲ್ಲಿ. ಒಂದು ಸಲ ಇದರಲ್ಲಿಯೇ ನನ್ನನ್ನು ಪಾವಗಡಕ್ಕೆ ಕರೆದುಕೊಂಡು ಹೋಗು. ಶನಿಮಹಾತ್ಮನಿಗೆ ಎಳ್ಳೆಣ್ಣೆಯ ದೀಪ ಹಚ್ಚಿ, ತವರಿನ ಹೊಸ್ತಿಲು ತುಳಿದು ಬರುತ್ತೇನೆ. ಆಮೇಲೆ ಏನಾದರೂ ಮಾಡು" ಎಂದರು. ಅವರಿಗೆ ಎಂಬತ್ತೆರಡು ವಯಸ್ಸು. ಗುಜರಿಯವನು ಬರಿಗೈಯಲ್ಲಿ ಹಿಂದಿರುಗಿದನು.

ಅವಸರದ ಫಲ

ಹಳೆಯ ಗಾಡಿಯನ್ನು ಎಬ್ಬಿಸುವ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಮೂರು. ಮೈಯ ಕಬ್ಬಿಣವು ತುಕ್ಕಿಗೆ ಬಲಿಯಾಗದೆ ಉಳಿದಿದೆಯೇ? ಕಾಗದಪತ್ರಗಳು ಮನೆಯಲ್ಲಿವೆಯೇ? ಆ ಜಾತಿಯ ಎಂಜಿನ್ನನ್ನು ಕೈಯಾರೆ ಬಿಚ್ಚಿ ಕಟ್ಟಿದ ಮೇಸ್ತ್ರಿ ಸಮೀಪದಲ್ಲಿರುವನೇ? ನಮ್ಮ ಸೀಮೆಯ ಒಣ ಹವೆಯ ದಯದಿಂದ ಮೊದಲನೆಯದಕ್ಕೆ ಉತ್ತರ ಅನುಕೂಲವಾಗಿಯೇ ಇದ್ದಿತು. ತೀರ್ಥರೂಪರ ಪೆಟ್ಟಿಗೆಯಿಂದ ಎರಡನೆಯದೂ ಪರಿಹಾರವಾಯಿತು. ಮೂರನೆಯ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳಲಿಲ್ಲ. ಶ್ರಾವಣ ಮಾಸವು ಹತ್ತಿರವಾಗಿದ್ದಿತು. ಶ್ರಾವಣದ ಶನಿವಾರಗಳಲ್ಲಿ ಪಾವಗಡದಲ್ಲಿ ಸೇರುವ ಜನಸಂದಣಿಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಮಾತೃಶ್ರೀಯವರನ್ನು ಆ ಮಾಸದಲ್ಲಿಯೇ ಕರೆದೊಯ್ಯಬೇಕೆಂದು ನಿಶ್ಚಯಿಸಿ, ಎಲ್ಲಿ ಬೇಗ ಮುಗಿಸಿಕೊಡುವೆವೆಂದರೋ ಆ ಗ್ಯಾರೇಜಿಗೆ ಎಂಜಿನ್ನನ್ನು ಒಪ್ಪಿಸಿದೆವು. ಅವರು ಮೂರು ವಾರದಲ್ಲಿ ಬೋರು ಮಾಡಿ, ಹೊಸ ಪಿಸ್ಟನ್ನುಗಳನ್ನು ಕೂಡಿಸಿ, ಗಾಡಿಯನ್ನು ಹಿಂದಿರುಗಿಸಿದರು. ಗಾಡಿ ಮೊದಲನೆಯ ಎಳೆತಕ್ಕೇ ಶುರುವಾಯಿತು. ಮನೆಯವರೆಲ್ಲರೂ ಚಪ್ಪಾಳೆ ತಟ್ಟಿದೆವು.

ಅಲ್ಲಿಂದ ಮೂರನೆಯ ದಿನವೇ ಶ್ರಾವಣದ ಕಡೆಯ ಶನಿವಾರ. ಮಾತೃಶ್ರೀಯವರನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು ಹೊರಟೆವು. ಬಹಳ ದಿನಗಳ ಮೇಲೆ ಗಾಡಿ ಓಡುತ್ತಿದ್ದ ಸಂತೋಷವೊಂದು, ಮಧ್ಯಾಹ್ನದ ಮಂಗಳಾರತಿಗೆ ತಲಪಬೇಕೆಂಬ ಅವಸರವೊಂದು. ಮುಳ್ಳು ಎಪ್ಪತ್ತನ್ನು ದಾಟಿ ಎಂಬತ್ತರ ಕಡೆಗೆ ಹೋಗುತ್ತಿದ್ದಿತು. ಎದುರಿಗಿದ್ದ ಇನ್ನೊಂದು ಮುಳ್ಳು, ಎಂದರೆ ತೈಲದ ಒತ್ತಡವನ್ನು ತೋರತಕ್ಕದ್ದು, ಕೆಳಗಿಳಿಯುತ್ತಿದ್ದುದನ್ನು ನಾವು ನೋಡಲಿಲ್ಲ. ಮಿಡಿಗೇಶಿಯ ಕೋಟೆಯ ಬೆಟ್ಟವು ಕಣ್ಣಿಗೆ ಬೀಳುವ ಹೊತ್ತಿಗೆ ಎಂಜಿನ್ನಿನೊಳಗಿನಿಂದ ಸುತ್ತಿಗೆಯಿಂದ ಬಡಿದಂತಹ ಸದ್ದು ಹೊರಟಿತು. ನಾವು ಏನೆಂದು ತಿಳಿಯುವಷ್ಟರಲ್ಲಿ ಗಾಡಿ ಜಗ್ಗಿ ನಿಂತಿತು. ಹ್ಯಾಂಡಲನ್ನು ಹಾಕಿ ತಿರುಗಿಸಿದರೆ ಎಳ್ಳಿನಷ್ಟೂ ಅಲುಗಲಿಲ್ಲ.

ಮಾತೃಶ್ರೀಯವರು ಹುಣಿಸೆಯ ಮರದ ನೆರಳಿನಲ್ಲಿ ಎರಡು ಗಂಟೆಗಳ ಕಾಲ ಕುಳಿತಿದ್ದರು. ದೀಪಕ್ಕೆಂದು ತಂದಿದ್ದ ಎಳ್ಳೆಣ್ಣೆಯ ಸೀಸೆ ಅವರ ಮಡಿಲಿನಲ್ಲಿಯೇ ಇದ್ದಿತು. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದೆವು. ಅವರನ್ನು ಬಸ್ಸಿನಲ್ಲಿ ಮನೆಗೆ ಕರೆತಂದೆವು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ, "ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು ಎಂದು ನಿಮ್ಮ ತಂದೆ ಹೇಳುತ್ತಿದ್ದರು. ಅವನನ್ನು ನೋಡುವುದಕ್ಕೆ ನಾವು ಓಡಿಕೊಂಡು ಹೋದೆವಲ್ಲ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೇಸ್ತ್ರಿಗಳ ಪರೀಕ್ಷೆ

ಆ ಬಳಿಕ ಬಲ್ಲವರನ್ನು ವಿಚಾರಿಸಲು, ಸಿರಾದಲ್ಲಿ ಒಬ್ಬ ವೃದ್ಧ ಮೇಸ್ತ್ರಿಗಳಿರುವರೆಂದೂ, ಹುಡುಗತನದಿಂದಲೂ ಈ ಜಾತಿಯ ಎಂಜಿನ್ನುಗಳನ್ನೇ ಕಟ್ಟಿದವರೆಂದೂ ತಿಳಿಯಿತು. ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಹುಣಿಸೆಯ ಮರದ ಪ್ರಸಂಗವು ತಪ್ಪುತ್ತಿದ್ದಿತು. ಅವರು ಎಂಜಿನ್ನನ್ನು ಇಳಿಸಿ, ತಟ್ಟೆಗಳಲ್ಲಿ ಭಾಗಭಾಗವಾಗಿ ಬಿಚ್ಚಿಟ್ಟು, ತೈಲ ಹರಿಯುವ ಸಣ್ಣ ಕೊಳವೆದಾರಿಯೊಳಕ್ಕೆ ತಂತಿಯ ಬ್ರಷ್ಷನ್ನು ತೂರಿಸಿ ಹೊರಗೆಳೆದರು. ಬ್ರಷ್ಷಿನ ತುದಿಯಲ್ಲಿ ಬೂದುಬಣ್ಣದ ಲೋಹದ ಪುಡಿಯಿದ್ದಿತು.

"ಸ್ವಾಮಿ, ಬೋರು ಮಾಡಿದ ಮೇಲೆ ಬ್ಲಾಕನ್ನು ತೊಳೆಯಬೇಕು. ಇಲ್ಲಿ ಹೊರಗಡೆ ತೊಳೆದಿದ್ದಾರೆ, ಒಳಗಡೆ ತೊಳೆದಿಲ್ಲ. ಆದರೆ ಪೂರ್ತಿ ತಪ್ಪನ್ನು ಅವರ ಮೇಲೆ ಹಾಕಬೇಡಿ. ತೊಳೆದಿದ್ದರೂ ನೀವು ಓಡಿಸಿದ ಓಟಕ್ಕೆ ಇದು ತಡೆಯುತ್ತಿರಲಿಲ್ಲ" ಎಂದರು.

ಇದರ ಕಾರಣವನ್ನು ಗೃಹಿಣಿಯರೂ ಸುಲಭವಾಗಿ ತಿಳಿಯಬಹುದು. ಎಂಜಿನ್ನಿನ ನಡುವೆ ಇರುವ ಕ್ರ್ಯಾಂಕೆಂಬ ಉಕ್ಕಿನ ದಂಡವು ಬೇರಿಂಗುಗಳ ಮೇಲೆ ತಿರುಗುತ್ತದೆ. ದಂಡಕ್ಕೂ ಬೇರಿಂಗಿಗೂ ನಡುವೆ ಇರುವ ಸಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲ. ಆ ಸಂದಿನಲ್ಲಿ ನಿಂತ ತೈಲದ ಪೊರೆಯ ಮೇಲೆ ದಂಡವು ತೇಲಬೇಕೇ ಹೊರತು ಲೋಹವು ಲೋಹವನ್ನು ಮುಟ್ಟಕೂಡದು. ಪುಡಿಯು ದಾರಿಯನ್ನು ಕಟ್ಟಿದರೆ ಪೊರೆ ಹರಿಯುತ್ತದೆ. ಲೋಹವು ಕಾಯ್ದು, ಕರಗಿ, ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನೇ ಜಾಮ್ ಆಯಿತೆನ್ನುವುದು.

ಸಿಲಿಂಡರಿನ ಮಾತು ಇನ್ನೊಂದು. ಬೋರು ಮಾಡಿದ ಹೊಸ ಗೋಡೆಯು ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಬೇಕೆಂದೇ ಎಳೆದ ಓರೆಗೆರೆಗಳ ಜಾಲವಿರುತ್ತದೆ. ತೈಲವು ಆ ಗೆರೆಗಳಲ್ಲಿ ನಿಲ್ಲುತ್ತದೆ. ಹೊಸ ರಿಂಗುಗಳು ಆ ಗೋಡೆಗೆ ತಿಕ್ಕಿ ತಿಕ್ಕಿ ಒಂದಕ್ಕೊಂದು ಒಗ್ಗಿಕೊಳ್ಳಬೇಕು. ಕ್ರ್ಯಾಂಕು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಪ್ರತಿಯೊಂದು ಪಿಸ್ಟನ್ನೂ ನಿಮಿಷಕ್ಕೆ 4,000 ಸಲ ಏರಿಳಿಯುತ್ತದೆ. ಒಂದೊಂದು ಸಲಕ್ಕೆ 88.9 ಮಿಲಿಮೀಟರಿನಂತೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 355 ಮೀಟರು ದೂರ ಗೋಡೆಯನ್ನು ಉಜ್ಜಿಕೊಂಡು ಓಡಿದಂತಾಯಿತು. ಇನ್ನೂ ಒಗ್ಗದ ಮೈಯಲ್ಲಿ ವೇಗವನ್ನೂ ಭಾರವನ್ನೂ ಒಟ್ಟಿಗೆ ಹೊರಿಸಿದರೆ ಹುಟ್ಟುವ ಬಿಸಿಯು ತೈಲವನ್ನು ಸುಟ್ಟು ಗೋಡೆಯನ್ನು ಗೀರುವುದು ಆಶ್ಚರ್ಯವಲ್ಲ. ನಮ್ಮ ಎರಡನೆಯ ಸಿಲಿಂಡರಿನಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರುಗಳಿದ್ದವು.

ಇದಕ್ಕಿಂತ ದೊಡ್ಡ ಚಿಂತೆಯೊಂದು ಬಂದೊದಗಿತು. ಬೋರು ಮಾಡುವುದೆಂದರೆ ಗೋಡೆಯ ಲೋಹವನ್ನು ಕೊರೆದು ರಂಧ್ರವನ್ನು ದೊಡ್ಡದು ಮಾಡುವುದು. ಈ ಎಂಜಿನ್ನಿಗೆ ಅಂಗುಲದ ಸಾವಿರದಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಪಾಲುಗಳಷ್ಟು ದೊಡ್ಡದಾದ ಪಿಸ್ಟನ್ನುಗಳು ದೊರೆಯುತ್ತವೆ. ತೀರ್ಥರೂಪರ ಕಾಲದಲ್ಲಿ ಇಪ್ಪತ್ತು ಆಗಿದ್ದಿತು. ನಮ್ಮ ಅವಸರದಲ್ಲಿ ನಲವತ್ತೂ ಆಗಿಹೋಗಿದ್ದಿತು. ಕ್ರ್ಯಾಂಕನ್ನು ಮೂವತ್ತರವರೆಗೆ ಸಾಣೆ ಹಿಡಿದಿದ್ದರು. ಈಗ ನಲವತ್ತಕ್ಕೆ ಹಿಡಿಯಬೇಕು. "ಸಿಲಿಂಡರಿಗೆ ಸ್ಲೀವು ಹಾಕಿ ಮತ್ತೆ ಮೊದಲ ಅಳತೆಗೆ ತರಬಹುದು. ಆದರೆ ಕ್ರ್ಯಾಂಕಿಗೆ ಇದೇ ಕಡೆಯದು ಸ್ವಾಮಿ. ಇನ್ನೊಂದು ಸಲ ಕೆಟ್ಟರೆ ಸಾಣೆ ಹಿಡಿಯುವುದಕ್ಕೆ ಇದರಲ್ಲಿ ಏನೂ ಉಳಿದಿಲ್ಲ" ಎಂದು ಮೇಸ್ತ್ರಿಗಳು ಕೈ ಒರೆಸಿಕೊಂಡರು. ಇದಕ್ಕೆ ಬೇಕಾದ ಹಣವು ಮೊದಲನೆಯ ಸಲ ನಾವು ಉಳಿಸಿದೆವೆಂದುಕೊಂಡ ಹಣದ ಮೂರರಷ್ಟು. ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತು. ಬಾಡಿಗೆಯ ಕಾರಿನಲ್ಲಿ ಕರೆದೊಯ್ಯುವೆವೆಂದರೆ ಮಾತೃಶ್ರೀಯವರು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಕಡೆಗೆ ಗುಜರಿಯ ಮಾತನ್ನು ತೆಗೆದಿದ್ದ ತಮ್ಮನೇ, "ಅರ್ಧ ಹಣ ನನ್ನದು, ಮಾಡಿಸಿ" ಎಂದನು.

ಎರಡನೆಯ ಜನ್ಮ

ಈ ಸಲ ದಿನವನ್ನು ಗೊತ್ತುಮಾಡುವ ಅಧಿಕಾರವನ್ನು ಮೇಸ್ತ್ರಿಗಳಿಗೇ ಬಿಟ್ಟೆವು. ಸ್ಲೀವಿನ ಮತ್ತು ಸಾಣೆಯ ಕೆಲಸವು ತುಮಕೂರಿನಲ್ಲಿ ಆಯಿತು. ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ತಂದೆವು. ಗಾಡಿಯ ತಯಾರಿಕೆ ನಿಂತಿದ್ದರೂ ಲಕ್ಷಗಟ್ಟಲೆ ಓಡಿದ ಗಾಡಿಯಾದುದರಿಂದ ಸಾಮಾನುಗಳಿಗೆ ಇನ್ನೂ ಅಭಾವವಿಲ್ಲ. ಬ್ಲಾಕಿನ ತೈಲದ ದಾರಿಗಳ ಬಿರಟೆಗಳನ್ನೆಲ್ಲ ಬಿಚ್ಚಿ, ಸೀಮೆಯೆಣ್ಣೆಯಿಂದ ಮೂರು ಸಲ ತೊಳೆದು, ಗಾಳಿ ಊದಿ, ಬಿಳಿಯ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೆ ಕಲೆ ಹತ್ತದವರೆಗೆ ಮೇಸ್ತ್ರಿಗಳು ಕಟ್ಟುವ ಮಾತೆತ್ತಲಿಲ್ಲ.

ಪೆಟ್ರೋಲಿನ ವಿಚಾರದಲ್ಲಿಯೂ ಅವರು ಒಂದು ತಿಳಿವಳಿಕೆ ಕೊಟ್ಟರು. ಈ ಎಂಜಿನ್ನು ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸವು ಬೆರೆತಿರುತ್ತಿದ್ದಿತು. ಮನುಷ್ಯರ, ಮುಖ್ಯವಾಗಿ ಮಕ್ಕಳ, ಆರೋಗ್ಯಕ್ಕೆ ಅದು ವಿಷವಾದುದರಿಂದ ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಅದನ್ನು ಪೂರ್ತಿಯಾಗಿ ನಿಲ್ಲಿಸಿದರು. 2021ರಲ್ಲಿ ಆಲ್ಜೀರಿಯಾ ದೇಶವು ನಿಲ್ಲಿಸಿದುದರೊಡನೆ ಪ್ರಪಂಚದ ಎಲ್ಲ ಕಡೆಯೂ ಗಾಡಿಗಳಿಗೆ ಅದರ ಮಾರಾಟ ಮುಗಿಯಿತು. ಒಳ್ಳೆಯದೇ ಆಯಿತು. ಆದರೆ ಸೀಸವು ಹೊಗೆ ಹೊರಡುವ ವಾಲ್ವುಗಳ ಪೀಠವನ್ನು ಸವೆಯದಂತೆ ಕಾಯುತ್ತಿದ್ದಿತಾದುದರಿಂದ ಹಳೆಯ ಹೆಡ್ಡಿಗೆ ಗಟ್ಟಿ ಉಕ್ಕಿನ ಪೀಠಗಳನ್ನು ಕೂಡಿಸುವುದು ಕ್ಷೇಮ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲು ಬೆರೆತಿರುತ್ತದೆ. ಅದು ಹಳೆಯ ರಬ್ಬರು ಕೊಳವೆಗಳನ್ನೂ ಪೆಟ್ರೋಲು ಪಂಪಿನ ಪೊರೆಯನ್ನೂ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಆದುದರಿಂದ ರಬ್ಬರಿನ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಗೊಡಬಾರದೆಂಬುದನ್ನೂ ಕಲಿತೆವು.

ಕಾಗದಪತ್ರಗಳ ಮಾತನ್ನೂ ಸಂಕ್ಷೇಪವಾಗಿ ಹೇಳುವುದು ಉಚಿತ. ಸ್ವಂತ ಬಳಕೆಯ ಗಾಡಿಗೆ ಮೊದಲು ಹದಿನೈದು ವರ್ಷಗಳ ನೋಂದಣಿ. ಅದರ ಮೇಲೆ ಐದೈದು ವರ್ಷಗಳಿಗೊಮ್ಮೆ ಗಾಡಿಯನ್ನು ತೋರಿಸಿ ಹೊಸದಾಗಿ ಮಾಡಿಸಬೇಕು. ಇದರ ಶುಲ್ಕವು 2022ರ ಏಪ್ರಿಲಿನಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು; ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ರೂಪಾಯಿಗಳಾಯಿತು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ಮಾಡಿದ ನಿಯಮದಂತೆ 'ವಿಎ' ಅಕ್ಷರಗಳ ವಿಶೇಷ ನೋಂದಣಿಯೂ ಉಂಟು. ಹೊಸದಾಗಿ ಮಾಡಿಸಲು 20,000 ರೂಪಾಯಿಗಳು, ಅವಧಿ ಹತ್ತು ವರ್ಷ. ಆದರೆ ಅಂತಹ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ದಿನದ ಬಳಕೆಗೆ ರಸ್ತೆಗೆ ತರಕೂಡದು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಅಂದವಾಗಿ ಕಾಪಾಡಿರುವ ಹಳೆಯ ಮೋಟಾರುಗಳನ್ನು ವಾಚಕರು ನೋಡಿರಬಹುದು. ಅವು ನೋಡತಕ್ಕ ಗಾಡಿಗಳು. ನಮ್ಮದು ಹತ್ತತಕ್ಕ ಗಾಡಿ. ಆದುದರಿಂದ ನಾವು ಹಳೆಯ ನಂಬರಿನಲ್ಲಿಯೇ, ತಡಮಾಡಿದ ದಂಡವನ್ನೂ ತೆತ್ತು, ಮೊದಲನೆಯ ದುರಸ್ತಿಯ ಕಾಲದಲ್ಲಿಯೇ ಮರುನೋಂದಣಿ ಮಾಡಿಸಿದ್ದೆವು.

ಎಂಜಿನ್ನು ಗಾಡಿಗೆ ಏರಿದ ದಿನ ಮೇಸ್ತ್ರಿಗಳು ಕೂಡಲೇ ಶುರುಮಾಡಲಿಲ್ಲ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ತೈಲದ ಮುಳ್ಳು ಏಳುವವರೆಗೂ ಬರಿದೇ ತಿರುಗಿಸಿದರು. ತೈಲವು ಎಲ್ಲ ಸಂದುಗಳಿಗೂ ಮುಟ್ಟಿದ ಮೇಲೆಯೇ ಬೆಂಕಿ. ಶುರುವಾದ ಕೂಡಲೇ ನಾವು ಅದನ್ನು ಮೆಲ್ಲಗೆ ತಿರುಗಲು ಬಿಡಬೇಕೆಂದುಕೊಂಡೆವು. ಅವರು ಹಾಗೆ ಮಾಡದೆ ಸುಮಾರು ಇಪ್ಪತ್ತು ನಿಮಿಷಗಳ ಕಾಲ ಚುರುಕಾದ ವೇಗದಲ್ಲಿಯೇ ಇಟ್ಟರು. ತೀರ ನಿಧಾನವಾಗಿ ತಿರುಗಿದರೆ ವಾಲ್ವುಗಳನ್ನು ಎತ್ತುವ ಕ್ಯಾಮಿನ ಮೇಲೆ ಸಾಕಷ್ಟು ತೈಲ ಚಿಮ್ಮುವುದಿಲ್ಲವಂತೆ. ನಿಧಾನವೆಂದರೆ ಸೋಮಾರಿತನವಲ್ಲ ಎಂಬುದು ಅಂದು ತಿಳಿಯಿತು. ಬಳಿಕ ಆರಲು ಬಿಟ್ಟು, ಮರುದಿನ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಟ್ಯಾಪೆಟ್ಟುಗಳ ಸಂದನ್ನು ಅಳೆದರು.

ಗಾಡಿಯನ್ನು ಒಪ್ಪಿಸುವಾಗ ಅವರು ಹೇಳಿದ ಪಥ್ಯವಿಷ್ಟು: ಮೊದಲ ಸಾವಿರ ಕಿಲೋಮೀಟರು ಅವಸರ ಕೂಡದು. ಮೊದಲ ಐನೂರರಲ್ಲಿ ಐವತ್ತರ ವೇಗವನ್ನು ಮೀರಕೂಡದು. ಏರಿನಲ್ಲಿ ಗಾಡಿ ಏದುಸಿರು ಬಿಡುವಂತೆ ದೊಡ್ಡ ಗೇರಿನಲ್ಲಿ ಎಳೆಸದೆ ಕೂಡಲೇ ಕೆಳಗಿನ ಗೇರಿಗೆ ಇಳಿಸಬೇಕು. ಒಂದೇ ವೇಗದಲ್ಲಿ ಹೋಗದೆ, ಸ್ವಲ್ಪ ಏರಿಸಿ ಸ್ವಲ್ಪ ಇಳಿಸುತ್ತಿರಬೇಕು. ಏರಿಸಿದಾಗ ಒಳಗಿನ ಒತ್ತಡವು ರಿಂಗನ್ನು ಗೋಡೆಗೆ ಒತ್ತುತ್ತದೆ, ಇಳಿಸಿದಾಗ ತೈಲವು ಮೇಲೇರಿ ತಂಪು ಮಾಡುತ್ತದೆ. ನಿಂತಲ್ಲಿಯೇ ಬಹಳ ಹೊತ್ತು ತಿರುಗಿಸಬಾರದು. ಐನೂರಕ್ಕೆ ತೈಲವನ್ನು ಪೂರ್ತಿ ಚೆಲ್ಲಿ ಹೊಸದನ್ನು ಹಾಕಬೇಕು. ದಾರಿಯ ಜೊತೆಗೆ ಎರಡು ಮುಳ್ಳುಗಳ ಮೇಲೆ ಯಾವಾಗಲೂ ಕಣ್ಣಿರಬೇಕು: ಒಂದು ತೈಲ, ಒಂದು ಬಿಸಿ.

ಇದನ್ನು ಮನೆಗೆ ಬಂದು ಹೇಳಿದಾಗ ಮಾತೃಶ್ರೀಯವರು ನಕ್ಕರು. "ಇದೇನು ಹೊಸ ವಿದ್ಯೆಯೇ? ಕಲ್ಲು ಕುಟ್ಟಿಸಿದ ಮೇಲೆ ಮೊದಲು ಹಿಡಿ ಅಕ್ಕಿ ರುಬ್ಬಿ ಚೆಲ್ಲುವುದಿಲ್ಲವೇ, ಪುಡಿ ಹೋಗಲೆಂದು? ನಿನ್ನ ಎಣ್ಣೆಯೂ ಅದೇ. ಬಾಣಂತಿಯನ್ನು ಮೂರನೆಯ ದಿನಕ್ಕೇ ನೀರು ಹೊರಲು ಕಳುಹಿಸಿದರೆ ನಂಜು ಏರುತ್ತದೆ. ಹಾಗೆಂದು ಮಂಚದ ಮೇಲೆಯೇ ಮಲಗಿಸಿದರೆ ಸೊಂಟ ಹಿಡಿಯುತ್ತದೆ. ಅಷ್ಟಷ್ಟು ನಡೆಸಬೇಕು, ಅಷ್ಟಷ್ಟು ಮಲಗಿಸಬೇಕು. ಗಾಡಿಗೆ ಬಾಣಂತನ ಮಾಡು, ಹೋಗು" ಎಂದರು. ಸಿರಾದ ಮೇಸ್ತ್ರಿಗಳೂ ಮಧುಗಿರಿಯ ನಮ್ಮ ತಾಯಿಯವರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಇಬ್ಬರ ಪಥ್ಯವೂ ಒಂದೇ ಆಗಿದ್ದಿತು.

ಅಂದು ರಾತ್ರಿ ತೀರ್ಥರೂಪರ ಪೆಟ್ಟಿಗೆಯಲ್ಲಿದ್ದ ಲೆಕ್ಕದ ಪುಸ್ತಕವನ್ನು ತಿರುವಿಹಾಕಿದೆವು. 1983ರಲ್ಲಿ ಅವರು ಬೋರು ಮಾಡಿಸಿದ ದಿನದ ಕೆಳಗೆ, ಪೆಟ್ರೋಲಿನ ಲೆಕ್ಕದ ನಡುವೆ, "ಸಾವಿರದ ತನಕ ನಿಧಾನ" ಎಂದು ಬರೆದಿತ್ತು. ನೋಂದಣಿಯ ಕಾಗದಕ್ಕಾಗಿ ಆ ಪೆಟ್ಟಿಗೆಯನ್ನು ತೆರೆದವರು ಆ ಪುಸ್ತಕವನ್ನು ತೆರೆಯಲಿಲ್ಲ.

ನಾಲ್ಕು ಊರುಗಳ ದಾರಿ

ಬಾಣಂತನವನ್ನು ಕೊರಟಗೆರೆಯ ದಾರಿಯಲ್ಲಿ ಆರಂಭಿಸಿದೆವು. ಮಧುಗಿರಿಯಿಂದ ಹೋಗಿಬಂದರೆ ನಲವತ್ತು ಕಿಲೋಮೀಟರಿನೊಳಗೆ ಮುಗಿಯುವ ದಾರಿ. ಬೆಳಗಿನ ತಂಪಿನಲ್ಲಿ ವಾಹನಗಳೂ ಕಡಮೆ. ಚನ್ನರಾಯನದುರ್ಗದ ಬೆಟ್ಟವನ್ನು ಅಷ್ಟು ವರ್ಷ ನೋಡಿಯೂ ಅದರ ಮೇಲಿನ ಕೋಟೆಯ ಸಾಲು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂಬುದನ್ನು ನಲವತ್ತರ ವೇಗದಲ್ಲಿ ಹೋದಾಗಲೇ ನಾವು ಸರಿಯಾಗಿ ಕಂಡುಕೊಂಡದ್ದು. ಹಿಂದಿನಿಂದ ಬಂದ ಬಸ್ಸುಗಳೂ ದ್ವಿಚಕ್ರಗಳೂ ಹಾರನ್ನು ಬಾರಿಸಿ ಮುಂದೆ ಹೋದವು. ಮೊದಮೊದಲು ನಾಚಿಕೆಯಾಯಿತು, ಒಂದು ವಾರದಲ್ಲಿ ಅದೂ ಹೋಯಿತು. ಎಡಗಡೆಗೆ ಸರಿದು, ಕೈ ಮಾಡಿ ದಾರಿ ಬಿಟ್ಟೆವು. ಕೊರಟಗೆರೆಯಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಎಂಜಿನ್ನು ಆರುತ್ತಿದ್ದಿತು; ಮುಚ್ಚಳ ತೆರೆದು ಎಲ್ಲಿಯಾದರೂ ತೈಲ ಸೋರಿದೆಯೇ, ನೀರು ಇಳಿದಿದೆಯೇ ಎಂದು ನೋಡಿಕೊಂಡು ಹಿಂದಿರುಗುತ್ತಿದ್ದೆವು. ಮೊದಲ ದಿನಗಳಲ್ಲಿ ಹಿಂದಿನ ಕೊಳವೆಯಿಂದ ತೆಳುವಾದ ನೀಲಿಯ ಹೊಗೆ ಬರುತ್ತಿದ್ದಿತು. ಮುನ್ನೂರು ದಾಟುವ ವೇಳೆಗೆ ಅದು ನಿಂತಿತು. ರಿಂಗುಗಳು ಒಗ್ಗಿಕೊಂಡವೆಂಬುದಕ್ಕೆ ಅದೇ ಗುರುತು.

ಆ ಮೇಲೆ ಬಡವನಹಳ್ಳಿಯ ಮೇಲೆ ಹಾದು ಸಿರಾಕ್ಕೆ. ಐನೂರು ತುಂಬಿದ ದಿನ ಮೇಸ್ತ್ರಿಗಳ ಅಂಗಳದಲ್ಲಿಯೇ ನಿಲ್ಲಿಸಿದೆವು. ಹಳೆಯ ತೈಲವನ್ನು ಬಾಣಲೆಗೆ ಇಳಿಸಿ ಬಿಸಿಲಿಗೆ ಹಿಡಿದಾಗ ಅದರಲ್ಲಿ ಸಣ್ಣಗೆ ಮಿನುಗು ಕಾಣಿಸಿತು. ನಮಗೆ ಎದೆ ಧಸಕ್ಕೆಂದಿತು. ಅವರು ಬೆರಳಿನಲ್ಲಿ ಉಜ್ಜಿ ನೋಡಿ, "ಇದು ಒಗ್ಗಿಕೊಂಡ ಪುಡಿ, ಕೆಟ್ಟ ಪುಡಿಯಲ್ಲ. ಕಾಳಿನಷ್ಟು ದಪ್ಪ ಬಂದರೆ ಹೆದರಬೇಕು" ಎಂದು ಸಮಾಧಾನ ಹೇಳಿ ಹೊಸ ತೈಲವನ್ನು ತುಂಬಿದರು. ಸಿರಾದ ಪಕ್ಕದಲ್ಲಿಯೇ ಬೆಂಗಳೂರು ಪುಣೆಗಳ ಹೆದ್ದಾರಿ ಹರಿಯುತ್ತದೆ. ಅದನ್ನು ಕಂಡಾಗ ಕಾಲು ತನಗೆ ತಾನೇ ಒತ್ತುವಂತಾಗುತ್ತದೆ. ಆದರೆ ಅಲ್ಲಿಯ ಲಾರಿಗಳ ನಡುವೆ ಐವತ್ತರಲ್ಲಿ ಹೋಗುವುದು ಅಪಾಯ. ಅವುಗಳ ಜೊತೆ ಓಡುವುದು ಎಂಜಿನ್ನಿಗೆ ಅಪಾಯ. ನಾವು ಹೆದ್ದಾರಿಯನ್ನು ಏರದೆ ಬಂದ ದಾರಿಯಲ್ಲಿಯೇ ಹಿಂದಿರುಗಿದೆವು.

ಐನೂರರಿಂದ ಸಾವಿರದವರೆಗೆ ವೇಗವನ್ನು ಸ್ವಲ್ಪಸ್ವಲ್ಪವಾಗಿ ಅರವತ್ತರವರೆಗೆ ಏರಿಸಿದೆವು. ಮಿಡಿಗೇಶಿಯ ದಾರಿಯಲ್ಲಿ ಆ ಹುಣಿಸೆಯ ಮರದವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತಿದ್ದೆವು. ಅದನ್ನು ದಾಟಿ ಮುಂದೆ ಹೋಗಲು ನಮಗೆ ಮನಸ್ಸು ಬರಲಿಲ್ಲ. ಬಿಸಿಯಾದ ಎಂಜಿನ್ನಿನಲ್ಲಿ ಓಡುವಾಗ ತೈಲದ ಮುಳ್ಳು ಐವತ್ತರ ಹತ್ತಿರ ಅಲುಗದೆ ನಿಲ್ಲುವುದನ್ನು ನೋಡುವುದೇ ಒಂದು ಸಮಾಧಾನವಾಯಿತು. ಮಾರ್ಗಶಿರ ಕಳೆಯಿತು, ಪುಷ್ಯ ಕಳೆಯಿತು. "ಅಮ್ಮ, ಹೊರಡೋಣವೇ" ಎಂದು ನಾವು ಕೇಳಿದಾಗಲೆಲ್ಲ ಅವರು, "ಎಷ್ಟಾಯಿತು?" ಎನ್ನುತ್ತಿದ್ದರು. ಎಂಟುನೂರು, ಒಂಬೈನೂರು ಎಂದರೆ, "ಇನ್ನೂ ತಿಂಗಳು ತುಂಬಿಲ್ಲ" ಎಂದು ಒಳಗೆ ಹೋಗುತ್ತಿದ್ದರು. ವಯಸ್ಸಾದವರು, ದಿನ ನೂಕಿದಷ್ಟೂ ನಮಗೆ ಒಳಗೊಳಗೇ ಭಯ. ಆ ಭಯವೇ ಮೊದಲನೆಯ ಸಲ ನಮ್ಮನ್ನು ಓಡಿಸಿದ್ದಿತೆಂಬುದನ್ನು ನೆನೆದು ಸುಮ್ಮನಾಗುತ್ತಿದ್ದೆವು.

ಮಾಘ ಮಾಸದ ಒಂದು ಶನಿವಾರ ಬೆಳಗ್ಗೆ ಆರು ಗಂಟೆಗೆ ಪಾವಗಡಕ್ಕೆ ಹೊರಟೆವು. ತಮ್ಮನು ಗಾಡಿ ನಡೆಸಿದನು. ಮಾತೃಶ್ರೀಯವರು ಮುಂದೆ, ನಾವು ಹಿಂದೆ. ಹುಣಿಸೆಯ ಮರದ ಹತ್ತಿರ ಅವನು ತಾನಾಗಿಯೇ ವೇಗವನ್ನು ತಗ್ಗಿಸಿದನು. ಮರವು ಹಿಂದೆ ಸರಿಯಿತು. ಯಾರೂ ಮಾತಾಡಲಿಲ್ಲ. ಮುಂದೆ ಬಯಲು ಬಿಚ್ಚಿಕೊಂಡು ಕಡಲೆಕಾಯಿಯ ಹೊಲಗಳ ನಾಡು ಬಂದಿತು. ಈ ತಾಲ್ಲೂಕಿನ ತಿರುಮಣಿಯ ಸುತ್ತ 2018ರಿಂದ ಎದ್ದ ಸೂರ್ಯಶಕ್ತಿಯ ಉದ್ಯಾನವು ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸಾಮರ್ಥ್ಯವುಳ್ಳದ್ದು. ಮುಂದಿನ ಮೋಟಾರುಗಳು ಪೆಟ್ರೋಲನ್ನು ಬಿಟ್ಟು ಇಂತಹ ವಿದ್ಯುತ್ತಿನಿಂದಲೇ ಓಡುವುವೆಂದು ಬಲ್ಲವರು ಹೇಳುತ್ತಾರೆ. ಓಡಲಿ. ನಮ್ಮ ಗಾಡಿಗೆ ಅದರ ಮೇಲೆ ಮತ್ಸರವಿಲ್ಲ.

ಶನಿಮಹಾತ್ಮನ ಗುಡಿಯಲ್ಲಿ ಅಂದು ಶ್ರಾವಣದ ಸಂದಣಿಯಿರಲಿಲ್ಲ. ಮಾತೃಶ್ರೀಯವರು ನಿಧಾನವಾಗಿ ಪ್ರದಕ್ಷಿಣೆ ಮಾಡಿ, ಆರು ತಿಂಗಳಿನಿಂದ ದೇವರ ಮನೆಯಲ್ಲಿ ಇಟ್ಟಿದ್ದ ಅದೇ ಸೀಸೆಯ ಎಳ್ಳೆಣ್ಣೆಯಿಂದ ದೀಪ ಹಚ್ಚಿದರು. ಅಲ್ಲಿಂದ ತವರೂರಿಗೆ ಹೋದೆವು. ಅವರ ಅಣ್ಣನ ಮಗನು ಹೊರಗೆ ಬಂದು ಗಾಡಿಯನ್ನು ನೋಡಿ, "ಅತ್ತೆ, ಇದು ಮಾವನ ಕಾರಲ್ಲವೇ!" ಎಂದು ಬಾಗಿಲಲ್ಲಿಯೇ ನಿಂತುಬಿಟ್ಟನು. ಊರಿನ ಹುಡುಗರು ಸುತ್ತ ಮುತ್ತಿಕೊಂಡರು. ಮಾತೃಶ್ರೀಯವರು ಕೆಳಗಿಳಿಯುವ ಮೊದಲು ಗಾಡಿಯ ಮುಂದಿನ ಹಲಗೆಯನ್ನು ಕೈಯಿಂದ ಒಮ್ಮೆ ಸವರಿದರು. ಬಳಿಕ ನಮ್ಮ ತಮ್ಮನ ಭುಜವನ್ನು ಹಿಡಿದುಕೊಂಡು ಇಳಿದರು.

ಹಿಂದಿರುಗುವಾಗ ಮುಳ್ಳು 1,100ನ್ನು ದಾಟಿತು. ಗಾಡಿಯನ್ನು ಮಾರುವ ಮಾತನ್ನು ಮತ್ತೆ ಯಾರೂ ಎತ್ತಿಲ್ಲ. ವಾರಕ್ಕೊಮ್ಮೆ ತಮ್ಮನೇ ಅದನ್ನು ಕೊರಟಗೆರೆಯವರೆಗೆ ಓಡಿಸಿ ತರುತ್ತಾನೆ. ತೀರ್ಥರೂಪರ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಪೆಟ್ರೋಲನ್ನೂ ಕಿಲೋಮೀಟರನ್ನೂ ಬರೆದಿಡುತ್ತಾನೆ.

ಕೆಟ್ಟ ವಸ್ತುವನ್ನು ಸರಿಪಡಿಸಿದೊಡನೆಯೇ ಕೆಲಸ ಮುಗಿಯಿತೆಂದು ತಿಳಿಯುವುದು ನಮ್ಮಂತಹ ಗೃಹಸ್ಥರ ಸಾಮಾನ್ಯವಾದ ತಪ್ಪು. ಎಂಜಿನ್ನು ಶುರುವಾದದ್ದು ಹುಟ್ಟು ಮಾತ್ರ. ಅದು ಸಂಸಾರದ ಭಾರವನ್ನು ಹೊರಬಲ್ಲದ್ದಾಗುವುದು ಆ ಮೇಲಿನ ಸಾವಿರ ಕಿಲೋಮೀಟರುಗಳ ಆರೈಕೆಯಿಂದ. ಜ್ವರದಿಂದ ಎದ್ದವರಿಗೂ, ಹೊಸದಾಗಿ ಮನೆ ತುಂಬಿದ ಸೊಸೆಗೂ, ಮುನಿಸು ತೀರಿ ಮತ್ತೆ ಮಾತಾಡತೊಡಗಿದ ಅಣ್ಣತಮ್ಮಂದಿರಿಗೂ ಈ ಮಾತು ಒಪ್ಪುತ್ತದೆಂದು ನಮ್ಮ ಅನುಭವ. ವಾಚಕರ ಮನೆಯ ಕೊಟ್ಟಿಗೆಯಲ್ಲಿ ಇಂತಹ ಗಾಡಿಯೊಂದಿದ್ದರೆ ಎಬ್ಬಿಸಲಿ. ಎಬ್ಬಿಸಿದ ಮೇಲೆ ಅದಕ್ಕೆ ಬಾಣಂತನ ಮಾಡುವುದನ್ನು ಮಾತ್ರ ಮರೆಯದಿರಲಿ.